ಮೂರನೇ ಕೂಗು

ಬ್ಯಾಟರಾಯನಪುರದಲ್ಲಿ ನಮ್ಮ ಮನೆ ಎದುರಿಗೇ ಧನಲಕ್ಷ್ಮಿಯ ಹಿಟ್ಟಿನ ಮಿಲ್ಲು. ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದು ಹಳೇ ಬಾಗಿಲು. ಮಿಲ್ಲು ಕಟ್ಟುವ ಮೊದಲು ಅದೇ ಬೀದಿಬಾಗಿಲಾಗಿತ್ತು. ಅವಳ ಅತ್ತೆ ವರಲಕ್ಷ್ಮಮ್ಮ ಸುಣ್ಣದಲ್ಲಿ ಬರೆದಿದ್ದ "ನಾಳೆ ಬಾ" ಇನ್ನೂ ಅದರ ಮೇಲಿದೆ.

ದೆವ್ವ ಬೀದಿಗೆ ಬಂದು ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓ ಅಂದವರು ಉಳಿಯುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು. ಬಾಗಿಲ ಮೇಲಿನ ಬರಹ ಓದಿದರೆ ಅದು ತಿರುಗಿ ಹೋಗುತ್ತದಂತೆ. ಇನ್ನೊಂದು ಕಟ್ಟಳೆಯೂ ಇತ್ತು. ದೆವ್ವ ಕೂಗುವುದು ಒಂದೇ ಸಲ. ಮೂರು ಸಲ ಕೂಗಿದರೆ ಅದು ಮನುಷ್ಯರೇ, ಧೈರ್ಯವಾಗಿ ಓ ಅನ್ನಬಹುದು. ನಾನು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುವವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಮುಸ್ಸಂಜೆಯಲ್ಲಿ ಯಾರಾದರೂ ಕೂಗಿದರೆ ಮೊದಲ ಸಲಕ್ಕೆ ಓ ಅನ್ನುವುದೂ ಇಲ್ಲ.

ಧನಲಕ್ಷ್ಮಿ ದೇವನಹಳ್ಳಿ ಕಡೆಯವಳು. ಮದುವೆಯಾಗಿ ಬಂದಾಗಿನಿಂದ ಗಂಡನ ಜೊತೆ ಆ ಮಿಲ್ಲಿನಲ್ಲೇ ಬದುಕು. ರಾಗಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಇನ್ನೊಂದು ಬಿಸಿಲು ಬೇಕಿತ್ತು ಎಂದು ಡಬ್ಬ ವಾಪಸ್ಸು ಕಳಿಸುವ ಗಟ್ಟಿಗಿತ್ತಿ. ಜಗಳಕ್ಕೆ ನಿಂತರೆ ಕಾರ್ಪೊರೇಶನ್ನಿನವರೂ ಹಿಂದೆ ಸರಿಯಬೇಕು. ಅಂಥವಳ ಬಾಯಲ್ಲಿ ಗಂಡನ ಹೆಸರು ಮಾತ್ರ ಒಂದು ಸಲವೂ ಬಂದದ್ದಿಲ್ಲ. ದೇವಸ್ಥಾನದಲ್ಲಿ ಅರ್ಚನೆಗೆ ಯಜಮಾನರ ಹೆಸರು ಕೇಳಿದರೆ ನನ್ನ ಮೊಣಕೈ ಚಿವುಟುವಳು, ನಾನು ಹೇಳಬೇಕು. ಹೆಸರು ಹೇಳಿದರೆ ನಿನ್ನ ಗಂಡ ಸವೆದು ಹೋಗ್ತಾನಾ ಎಂದು ರೇಗಿಸಿದರೆ, ಆಯಸ್ಸು ಕಮ್ಮಿಯಾಗುತ್ತದೆ ಎನ್ನುವಳು.

ಅಷ್ಟು ಕಾಪಾಡಿಯೂ ಹೋದ ವರ್ಷ ಬಾಲರಾಜ್ ಹೋಗಿಬಿಟ್ಟ. ರಾಗಿ ಸುರಿಯುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕೂತ, ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಹಿಡಿ ಮಣ್ಣು ಹಾಕಿ ಬಂದಿದ್ದೆ.

ಗಿರಾಕಿಗಳು ದುಡ್ಡು ಹಾಕಲೆಂದು ಮಿಲ್ಲಿನ ಗೋಡೆಗೆ ಅಂಟಿಸಿದ್ದ ಸ್ಕ್ಯಾನರು ಮಾತ್ರ ಅವನ ಹೆಸರಿನಲ್ಲೇ ಉಳಿಯಿತು. ನಮ್ಮ ಬೆಂಗಳೂರಿನವರ ಅಭ್ಯಾಸ ಗೊತ್ತಲ್ಲ, ಸ್ಕ್ಯಾನ್ ಮಾಡಿದವರೆಲ್ಲ ಫೋನು ನೋಡಿಕೊಂಡು "ಬಾಲರಾಜ್ ಅಂತ ಬರ್ತಿದೆ, ಸರೀನಾ?" ಎಂದು ಕೇಳುತ್ತಾರೆ. ಧನಲಕ್ಷ್ಮಿ ಹೂಂ ಎನ್ನುತ್ತಾಳೆ. ದಿನವಿಡೀ ಅದೇ ಪ್ರಶ್ನೆ, ಅದೇ ಹೂಂ. ನಾನು ತಡೆಯಲಾರದೆ ಬೈದೆ. ಸತ್ತವರ ಖಾತೆ ಹೀಗೆ ನಡೆಸುವುದು ತಪ್ಪು, ನಿನ್ನ ಹೆಸರಿಗೆ ಮಾಡಿಸಿಕೋ ಎಂದೆ.

"ನನ್ ಬಾಯಲ್ಲಿ ಬರಾಕಿಲ್ಲ ಕೌಸಲ್ಯಕ್ಕ," ಅಂದಳು. "ಬೇರೇರ ಬಾಯಲ್ಲಾದ್ರೂ ದಿನಾ ಕೇಳ್ತೀನಲ್ಲ."

ನನಗೆ ಅಳು ಬಂತು. ಆಮೇಲೆ ಆ ಮಾತು ಎತ್ತಲಿಲ್ಲ.

ಗಂಡನ ಫೋನನ್ನು ಅವಳು ದಿನಾ ಚಾರ್ಜು ಮಾಡಿ ಹಿಟ್ಟಿನ ಪೆಟ್ಟಿಗೆಯ ಮೇಲೆ ಇಡುತ್ತಿದ್ದಳು. ಈ ಆಷಾಢದಲ್ಲಿ ಒಂದು ದಿನ ಅದಕ್ಕೆ ಮೇಲ್ ಬಂತು. ಮೇಲೆ ಹಣ ಕಳಿಸುವ ಕಂಪನಿಯ ಗುರುತು, ಕೆಳಗೆ ಕನ್ನಡದಲ್ಲೇ ಬರಹ. ಬಾಲರಾಜ್, ನಿಮ್ಮ ಖಾತೆ ಇಂದೇ ಮುಚ್ಚಿಹೋಗಲಿದೆ, ಉಳಿಸಿಕೊಳ್ಳಲು ಇಲ್ಲಿ ಒತ್ತಿ. ಮಿಲ್ಲಿನಲ್ಲಿ ಜನ ಇರಲಿಲ್ಲ. ಯಾರೂ ಇಲ್ಲದ ಹೊತ್ತಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿರುವುದು ಯಾರು ಎಂದು ಅವಳು ಹೆದರಿದಳಂತೆ. ಅವಳು ಓ ಅನ್ನಲಿಲ್ಲ. ಖಾತೆ ಮುಚ್ಚಿಹೋಗಲೂ ಇಲ್ಲ. ಮಾರನೆಯ ದಿನ ಮತ್ತೆ ಬಂತು. ಬಾಲರಾಜ್, ಇದು ಎರಡನೇ ಸೂಚನೆ. ಫೋನನ್ನು ಮಗುಚಿ, ಮೇಲೊಂದು ಖಾಲಿ ಡಬ್ಬ ಬೋರಲು ಹಾಕಿದಳು. ಡಬ್ಬದೊಳಗೆ ಅದು ಗುಂಯ್‌ಗುಟ್ಟುತ್ತಲೇ ಇತ್ತು.

ಅದರ ಮಾರನೆಯ ದಿನ ಮೂರನೆಯದು. ಬಾಲರಾಜ್, ಇದೇ ಕೊನೆ, ಇನ್ನು ನಿಮ್ಮ ಹೆಸರು ಅಳಿಸಿಹೋಗುತ್ತದೆ. ಧನಲಕ್ಷ್ಮಿ ಒತ್ತಿದಳು. ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಫೋನಿಗೆ ಬಂದ ಓಟಿಪಿಯನ್ನೂ ಕೊಟ್ಟಳು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಮರುದಿನ ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ ಬಾಲರಾಜನ ಮೇಲ್ ಬಂದಿತ್ತು. ಹಿಂದೆ ಅವನ ಪಾಲಿಸಿಯ ಕಾಗದ ಕಳಿಸಿದ್ದು ಅದೇ ವಿಳಾಸಕ್ಕೆ. ಪಕ್ಕದ ಪುಟ್ಟ ಫೋಟೋದಲ್ಲಿ ಅವನೇ ಇದ್ದ, ಹುಬ್ಬಿಗೆಲ್ಲ ಹಿಟ್ಟು ಹತ್ತಿಸಿಕೊಂಡು. "ನಾನು ಬಾಲರಾಜ್. ದೂರದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಸಹಾಯ ಬೇಕು. ಫೋನ್ ಮಾಡಬೇಡಿ, ಇಲ್ಲೇ ಉತ್ತರಿಸಿ." ಸುತ್ತ ಜನ ಕಾಫಿ ಕುಡಿಯುತ್ತಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಎಲ್ಲಿದ್ದೀಯೋ ಎಂದು ಬರೆಯಲು ಕೈ ಹೋಯಿತು.

ರಜೆ ಹಾಕಿ ಓಡಿದೆ. ಧನಲಕ್ಷ್ಮಿ ಮಿಲ್ಲು ಓಡಿಸುತ್ತ ಗೋಡೆಗೊರಗಿ ನಿಂತಿದ್ದಳು. ಆರ್.ಟಿ. ನಗರದಿಂದ ಮಿಲ್ಲಿಗೆ ಬೆಲ್ಟು ಕೊಡುವ ನಾಸಿರ್ ಆಗಲೇ ಫೋನ್ ಮಾಡಿ, ಯಜಮಾನರ ಮೇಲ್ ಬಂದಿದೆಯಲ್ಲಮ್ಮ ಎಂದು ಹೆದರಿಕೊಂಡೇ ಕೇಳಿದ್ದರಂತೆ. ಅವಳು ನಡೆದದ್ದನ್ನೆಲ್ಲ ಹೇಳಿದ ಮೇಲೆ ನಾನು ಆ ಮೂರು ಮೇಲ್‌ಗಳನ್ನೂ ತೆಗೆದು ನೋಡಿದೆ. ಕಂಪನಿಯ ಹೆಸರಿನ ಮೇಲೆ ಬೆರಳಿಟ್ಟರೆ ಹಿಂದಿನ ನಿಜವಾದ ವಿಳಾಸ ಕಂಡಿತು. ಕಂಪನಿಗೂ ಅದಕ್ಕೂ ಸಂಬಂಧವೇ ಇಲ್ಲ, ಯಾವುದೋ ಅರ್ಥವಿಲ್ಲದ ಅಕ್ಷರಗಳ ಸಾಲು. ಮುಖ ನಮ್ಮವರದೇ ಇದ್ದರೂ ದೆವ್ವದ ಪಾದ ಹಿಂದುಮುಂದು ಇರುತ್ತದೆ ಅಂತಾರಲ್ಲ, ಇದೂ ಹಾಗೇ ಕಣೇ, ಮುಖ ನೋಡಬೇಡ, ಪಾದ ನೋಡು ಎಂದೆ. ಇಂದೇ, ಈಗಲೇ ಎಂದು ಅವಸರ ಮಾಡಿದರೆ, ಓಟಿಪಿ ಕೇಳಿದರೆ, ಅದು ಕಂಪನಿಯಲ್ಲ ಎಂದೆ. ಅವಳು ಕೊಟ್ಟ ಓಟಿಪಿ ಹಿಡಿದೇ ಕಳ್ಳರು ಬಾಲರಾಜನ ಮೇಲ್ ಒಳಗೆ ಹೊಕ್ಕು, ಅವನ ಹೆಸರಲ್ಲಿ ಎಲ್ಲರಿಗೂ ಬರೆದಿದ್ದರು. ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ. ನನ್ನ ಸಿಟ್ಟು ಆ ಕಳ್ಳರ ಮೇಲಿತ್ತು, ಬೈದದ್ದು ಇವಳನ್ನು.

"ಮೂರ್ ಸಲ ಕರೀತು ಕಣಕ್ಕ," ಅಂದಳು. "ಮೂರ್ ಸಲ ಕರೆದ್ರೆ ಮನುಸ್ರೇ ಅಲ್ವಾ?"

ಬೈಯುವುದನ್ನು ಅಲ್ಲಿಗೇ ಬಿಟ್ಟೆ.

ಅವನ ಹೆಸರು ನಂಬಿ ಇನ್ನಾರಾದರೂ ಮೋಸಹೋಗುವ ಮೊದಲು ಎಲ್ಲ ನಿಲ್ಲಿಸಬೇಕಿತ್ತು. ಖಾತೆ, ಮೇಲ್, ಗೋಡೆಯ ಸ್ಕ್ಯಾನರು, ಯಾವುದೂ ಉಳಿಯುವುದಿಲ್ಲ ಎಂದು ಹೇಳಿದೆ. ಅವಳು ಸ್ಕ್ಯಾನರಿನ ಮೇಲೆ ಕೂತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. ಆಮೇಲೆ, ಮಾಡು ಎಂದಳು. ಸೈಬರ್ ಸಹಾಯವಾಣಿಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ. ಸ್ಪೀಕರಿನಲ್ಲಿ ಒಬ್ಬ ಹುಡುಗಿ ನಿಧಾನವಾಗಿ ಒಂದೊಂದೇ ವಿವರ ಕೇಳಿದಳು, ಕೊನೆಗೆ ಖಾತೆದಾರರ ಹೆಸರು ಕೇಳಿದಳು.

ಧನಲಕ್ಷ್ಮಿ ನನ್ನ ಮೊಣಕೈ ಚಿವುಟಿದಳು. ನಾನು ಬಾಯಿ ತೆರೆದರೆ, ದೂರು ಕೊಡುತ್ತಿರುವವರೇ ಹೇಳಬೇಕು ಎಂದಳು ಆ ಹುಡುಗಿ.

ಧನಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೆಸರು ಹೇಳಿದಳು. ಹುಡುಗಿಗೆ ಕೇಳಿಸಲಿಲ್ಲ. ಸೆರಗು ತೆಗೆದು ಇನ್ನೊಮ್ಮೆ ಹೇಳಿದಳು, ಅದನ್ನು ಮಿಲ್ಲಿನ ಸದ್ದು ನುಂಗಿತು. ನಾನು ಹೋಗಿ ಸ್ವಿಚ್ಚು ಆರಿಸಿದೆ. ಬೆಲ್ಟು ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು. ಗಾಳಿಯಲ್ಲಿದ್ದ ಹಿಟ್ಟು ಇಳಿಯತೊಡಗಿತು.

"ಬಾಲರಾಜ್," ಅಂದಳು ಧನಲಕ್ಷ್ಮಿ.

ಅದು ಫೋನಿಗೆ ಹೇಳಿದ ಹಾಗಿರಲಿಲ್ಲ. ಮನೆಯೊಳಗಿದ್ದವರನ್ನು ಮಿಲ್ಲಿನಿಂದ ಕೂಗಿದ ಹಾಗಿತ್ತು. ನಾವಿಬ್ಬರೂ ಒಟ್ಟಿಗೇ ಹಳೇ ಬಾಗಿಲ ಕಡೆ ತಿರುಗಿದೆವು. ಕೂಗಿದಾಗೆಲ್ಲ ಅವನು ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದದ್ದು ಅಲ್ಲಿಂದಲೇ. ಸುಣ್ಣದ ಅಕ್ಷರಗಳು ನಮ್ಮನ್ನೇ ನೋಡುತ್ತಿದ್ದವು.

ಅವರು ಪಕ್ಕದಲ್ಲಿದ್ದಾರಾ, ಒಂದು ನಿಮಿಷ ಫೋನ್ ಕೊಡುತ್ತೀರಾ ಎಂದು ಕೇಳಿದಳು ಹುಡುಗಿ.

ಧನಲಕ್ಷ್ಮಿ ಬಾಗಿಲಿನಿಂದ ಕಣ್ಣು ತೆಗೆಯದೆ ಇನ್ನೂ ಸ್ವಲ್ಪ ಹೊತ್ತು ಕಾದಳು.

"ಇಲ್ಲ ಕಣಮ್ಮ," ಅಂದಳು. "ಮೂರ್ ಸಲ ಕೂಗ್ದೆ. ಇದ್ದಿದ್ರೆ ಓ ಅಂತಿದ್ರು."