ಕ್ಯಾಮೆರಾದ ಹಣೆ

ಅತ್ತೆಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಮೇಲಿನ ಸಾಲಿನಲ್ಲಿ, ಕಟ್ಟೆಯ ಮೇಲೆ ಕೂತು ಮಾತಾಡುವ ಇಬ್ಬರು ಮುದುಕಿಯರಂತೆ ಒಂದಕ್ಕೊಂದು ವಾಲಿಕೊಂಡಿದ್ದವು. ಅತ್ತೆ ನಕ್ಕರೆ ಮೊದಲು ಕಾಣುತ್ತಿದ್ದದ್ದು ಆ ಎರಡು. ಆಮೇಲೆ ಕಣ್ಣು ಮುಚ್ಚಿಹೋಗುತ್ತಿದ್ದವು, ಕೊನೆಗೆ ಭುಜ ಕುಲುಕುತ್ತಿತ್ತು. ಸದ್ದು ಮಾತ್ರ ಇಲ್ಲ. ನಾನು ಮದುವೆಯಾಗಿ ಮಾದನಹಿಪ್ಪರಗಾಕ್ಕೆ ಬಂದ ಹೊಸದರಲ್ಲಿ ತಟ್ಟಿದ ಮೊದಲ ರೊಟ್ಟಿ ಹಂಚಿನ ಮೇಲೆ ಎರಡು ಹೋಳಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಅತ್ತೆ ಬೈಯಲಿಲ್ಲ, ಹೀಗೇ ನಕ್ಕರು. ಶಿವ ನನಗೆ ಕೊಟ್ಟದ್ದನ್ನು ನೆನೆಯುತ್ತ ಕೂತರೆ ಇವತ್ತಿಗೂ ಮೊದಲು ನೆನಪಾಗುವುದು ಆ ನಗುವೇ.

ಹೋದ ಚಳಿಗಾಲದಲ್ಲಿ ಆ ಹಲ್ಲು ಅಲುಗಾಡಿ ನೋಯತೊಡಗಿದವು. ಕಲಬುರಗಿಯ ಹಲ್ಲಿನ ಡಾಕ್ಟರು ಎರಡನ್ನೂ ಕೀಳಬೇಕು, ವಸಡು ಮಾಗಿದ ಮೇಲೆ ಪೂರ್ತಿ ಸೆಟ್ ಕೂಡಿಸಬಹುದು ಎಂದರು. ಮೂರು ವಾರ ಬಿಟ್ಟು ಒಂದು ಬುಧವಾರ ಬರಲು ಹೇಳಿದರು. "ಇನ್ನ ಕಡ್ಲಿ ತಿಂತೇನಿ ನೋಡ್ ಬೇ" ಎಂದು ಅತ್ತೆ ಸಂಭ್ರಮಪಟ್ಟರು. ಎಲ್ಲರಿಗೂ ಸಂತೋಷ. ನನಗೊಬ್ಬಳಿಗೆ ಗಾಬರಿ, ಯಾಕೆಂದರೆ ಆ ನಗುವಿನ ಒಂದು ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ.

ಗಾಬರಿಗೆ ಕಾರಣ ಜೇವರ್ಗಿಯಲ್ಲಿದೆ. ಅದು ನನ್ನ ತವರು. ನಮ್ಮವ್ವ ತೀರಿಕೊಂಡಾಗ ಆಕೆಯದೊಂದು ಫೋಟೋ ಹುಡುಕಿದರೆ ಸಿಕ್ಕದ್ದು ಓಟಿನ ಚೀಟಿಯ ಮೇಲಿನ ಬೆರಳುಗುರಿನಷ್ಟು ಮುಖ. ಅದನ್ನೇ ತವರಿನವರು ಸ್ಟುಡಿಯೋಕ್ಕೆ ಕೊಟ್ಟು ದೊಡ್ಡದು ಮಾಡಿಸಿದರು. ಸ್ಟುಡಿಯೋದವರು ಕಣ್ಣು ಅಗಲಿಸಿ, ತುಟಿ ತಿದ್ದಿ, ಅವ್ವ ಯಾವತ್ತೂ ಉಡದ ಕೆಂಪು ಸೀರೆ ಉಡಿಸಿ ಕೊಟ್ಟರು. ಪ್ರತಿ ಸಲ ತವರಿಗೆ ಹೋದಾಗಲೂ ಆ ಪಟಕ್ಕೆ ಕೈಮುಗಿಯುತ್ತೇನೆ. ಯಾರಿಗೆ ಮುಗಿದೆನೋ ತಿಳಿಯದೆ ಈಚೆ ಬರುತ್ತೇನೆ. ಅತ್ತೆಯ ವಿಷಯದಲ್ಲಿ ಹಾಗಾಗಬಾರದು ಅಂತ ಅನಿಸಿತು. ಇಷ್ಟೇ ನನ್ನ ಆಸೆ.

ಮೊಬೈಲ್ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇತ್ತು. ಅದು ಒಂದು ದಿನ ರೊಟ್ಟಿಯ ಹಿಟ್ಟಿಗೆ ಕುದಿಯಲಿಟ್ಟ ಎಸರಿನಲ್ಲಿ ಬಿತ್ತು, ಅದರೊಳಗಿದ್ದ ಫೋಟೋಗಳೂ ಅದರ ಜೊತೆಗೇ ಬೆಂದವು. ಹೊಸದು ಬಂತು. ಆದರೆ ನಾನು ಅದನ್ನು ಎತ್ತಿ ಹಿಡಿದರೆ ಸಾಕು, ಆ ಕಡೆ ಯಾರೋ ಇದ್ದಾರೆಂದು ಅತ್ತೆ ಮುಖವನ್ನು ಹತ್ತಿರ ತಂದು, "ಆರಾಮದೀರೇನ್ರಿ? ಊಟ ಆತೇನ್ರಿ?" ಎಂದು ಕೂಗುತ್ತಿದ್ದರು. ಫೋಟೋದಲ್ಲಿ ಬರೀ ಮೂಗು.

ಅಫಜಲಪುರದಲ್ಲಿರುವ ನನ್ನ ಮೈದುನ ಮದುವೆಗಳಿಗೆ ಫೋಟೋ ತೆಗೆಯುವವರು. ನನ್ನ ಸಂಕಟ ಕೇಳಿ ಒಂದು ದೊಡ್ಡ ಕಪ್ಪು ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಒಳಗೆ ಡಿಎಸ್‌ಎಲ್‌ಆರ್ ಕ್ಯಾಮೆರಾ.

"ವೈನಿ, ಇದರ ಲೆನ್ಸ್ ಬದಲಿ ಮಾಡಬಹುದ್ರಿ. ದೂರದ್ದು ಬ್ಯಾರೆ, ಹತ್ರದ್ದು ಬ್ಯಾರೆ. ಇದನ್ನ ತಿರುವಿದ್ರ ಬೆಳಕ ಹೆಚ್ಚು, ಇದನ್ನ ತಿರುವಿದ್ರ ಕಮ್ಮಿ. ಈ ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದಾಗ್ತದ."

"ಅಂಕಿ ಸಣ್ಣದಾದ್ರ ಕಿಂಡಿ ಹ್ಯಾಂಗ ದೊಡ್ಡದಾಗ್ತದ್ರಿ?"

"ಅದು ಹಂಗ ಅದ ವೈನಿ."

ಹಂಗೇ ಇರಲಿ ಅಂದುಕೊಂಡೆ. ಅತ್ತೆ ವಿಭೂತಿಯ ಗಟ್ಟಿ ಹಿಡಿದು ಬಂದರು. ನಮ್ಮ ಮನೆಯೊಳಗೆ ವಿಭೂತಿ ಹಚ್ಚಿಸಿಕೊಳ್ಳದೆ ಯಾವ ಯಂತ್ರವೂ ಬಂದಿಲ್ಲ. ಕುಕ್ಕರು, ಫ್ರಿಜ್ಜು, ಹೊಲದ ಮೋಟರು, ಎಲ್ಲಕ್ಕೂ ಅತ್ತೆಯ ಮೂರು ಬೆರಳು ತಾಗಿವೆ. "ಇದರ ಹಣಿ ಎಲ್ಲದಲೇ?" ಎಂದು ಮಗನನ್ನು ಕೇಳಿದರು. ಅವರು ನಗುತ್ತ ಲೆನ್ಸಿನ ಮೇಲಿನ ಕಪ್ಪು ಮುಚ್ಚಳ ತೋರಿಸಿದರು. ಅತ್ತೆ ಅದರ ಮೇಲೆ ಮೂರು ಗೆರೆ ಎಳೆದು ಕೈಮುಗಿದರು.

ವಾರ ಪೂರ್ತಿ ಆ ಕ್ಯಾಮೆರಾದೊಡನೆ ಹೆಣಗಿದೆ. ಅದನ್ನೆತ್ತಿದರೆ ಮಣಿಕಟ್ಟು ನೋವು. ಅದಕ್ಕೆ ಕಣ್ಣಿಟ್ಟು ನೋಡಿದರೆ ಎದುರಿಗೆ ನನ್ನ ಅತ್ತೆ ಇರುತ್ತಲೇ ಇರಲಿಲ್ಲ, ರೇಶನ್ ಕಾರ್ಡಿನ ಫೋಟೋಗೆ ನಿಂತ ಯಾರೋ ಮುದುಕಿ ಇರುತ್ತಿದ್ದರು. ಸೆರಗು ಬಿಗಿದು, ಬಾಯಿ ಮುಚ್ಚಿ, ಉಸಿರು ಹಿಡಿದು.

"ಸ್ವಲ್ಪ ನಗರಿ ಅತ್ತಿ."

"ಯಾರನ್ನ ನೋಡಿ ನಗ್ಲಿ? ನಿನ್ನ ಮಾರಿನೇ ಇಲ್ಲ ಅಲ್ಲಿ, ಕರೀ ಡಬ್ಬಿ ಅದ."

ಇನ್ನೊಮ್ಮೆ ಎತ್ತಿದಾಗ, "ಗ್ವಾಡಿಗೆ ಹಾಕಾಕ ಈಗಿಂದನೇ ತಯಾರಿ ನಡಿಸೀಯೇನ್ ಬೇ? ನಾ ಇನ್ನಾ ಅದೇನಿ" ಅಂದರು. ಫೋಟೋಗಳು ಬಹಳ ಸ್ವಚ್ಛ. ಒಂದೊಂದು ಕೂದಲೂ ಎಣಿಸುವಂತೆ. ಆದರೆ ನೋಡಿದಾಗೆಲ್ಲ ಜೇವರ್ಗಿಯ ಪಟವೇ ನೆನಪಾಗುತ್ತಿತ್ತು.

ಮೈದುನ ಕ್ಯಾಮೆರಾ ಒಯ್ದ ಮೇಲೆ ನಮ್ಮ ಮನೆಯವರನ್ನು ಕರೆದುಕೊಂಡು ಆಳಂದಕ್ಕೆ ಹೋದೆ. ಅಲ್ಲಿ ಒಂದು ಸ್ಟುಡಿಯೋ, ಮುಂದಿನ ಗಾಜಿನ ಕಪಾಟಿನಲ್ಲಿ ಕ್ಯಾಮೆರಾ ಇಟ್ಟು ಮಾರುತ್ತಾರೆ. ಒಂದು ಮೂಲೆಯಲ್ಲಿ ಸೋಪಿನ ಡಬ್ಬಿಯಷ್ಟೇ ಇದ್ದ ಕ್ಯಾಮೆರಾ ಕಂಡಿತು. ಅಂಗಡಿಯವರು ಗುಂಡಿ ಒತ್ತಿದರು. ಆಮೆ ಕುತ್ತಿಗೆ ಚಾಚಿದಂತೆ ಮುಂದಿನ ಗಾಜು ತಾನಾಗಿ ಹೊರಗೆ ಬಂತು.

"ಕಾಂಪ್ಯಾಕ್ಟ್ ಅಂತಾರ್ರಿ ಅಕ್ಕಾರ. ನಡುವ ಯಾರೂ ಕೇಳ್ತಿದ್ದಿಲ್ಲ, ಈಗ ಮತ್ತ ಕಾಲೇಜ್ ಹುಡುಗ್ಯಾರು ಕೇಳಾಕತ್ತಾರ. ಹಗಲ ಬೆಳಕಿನ್ಯಾಗ ಚೊಲೊ ಬರ್ತದ. ಕತ್ತಲ್ಯಾಗ ಮಾತ್ರ ದೊಡ್ಡದರ ಸರಿ ಅಲ್ಲ."

"ದೊಡ್ಡದಕ್ಕಿಂತ ಎಷ್ಟು ಕಮ್ಮಿ?"

"ಒಳಗ ಬೆಳಕ ಹಿಡಿಯೂ ಸೆನ್ಸರ್ ಸಣ್ಣದ್ರಿ. ಝೂಮ್ ಮಾತ್ರ ಇದರದೇ ಹೆಚ್ಚು. ಆದ್ರ ಲೆನ್ಸ್ ಬದಲಿ ಆಗಂಗಿಲ್ಲ."

ಒಂದರಲ್ಲಿ ಹೆಚ್ಚು ಇದ್ದದ್ದು ಇನ್ನೊಂದರಲ್ಲಿ ಕಡಿಮೆ. ಸೀರೆಯಾದರೆ ಸೆರಗು ಹಿಡಿದು ನೋಡಬಹುದು, ಜೋಳವಾದರೆ ಬಾಯಿಗೆ ಹಾಕಿ ಕಡಿಯಬಹುದು. ಇದನ್ನು ಹೇಗೆ ನೋಡಬೇಕು? "ತಗೊಂಡ್ರ ದೊಡ್ಡದೇ ತಗೋ, ಇದು ಮಕ್ಕಳ ಆಟಗಿ ಕಂಡಂಗ ಕಾಣ್ತದ" ಎಂದರು ಮನೆಯವರು. ನಾನು ಸಣ್ಣದನ್ನು ಎದೆಯ ಹತ್ತಿರ ಹಿಡಿದು ಅದರ ಹಿಂದಿನ ಪರದೆಯಲ್ಲಿ ನೋಡಿದೆ. ತಲೆ ಎತ್ತಿದರೆ ನೇರ ಅವರ ಮುಖ. ನನ್ನ ಮುಖವೂ ಅವರಿಗೆ ಕಾಣುತ್ತಿತ್ತು. "ಏನ್ ನಗ್ತೀ?" ಎಂದರು ಅವರು.

ಅದನ್ನೇ ತಂದೆವು.

ಅತ್ತೆ ಹಚ್ಚಡದ ಮೇಲೆ ಕೂತಲ್ಲೇ ವಿಭೂತಿ ತರಿಸಿಕೊಂಡರು. "ಹಣಿ ತೋರಿಸ್." ಗುಂಡಿ ಒತ್ತಿದೆ, ಗಾಜು ಹೊರಗೆ ಬಂತು. "ಬಂತ್ ನೋಡ್ ಇದರ ಮಾರಿ!" ಎಂದು ಖುಷಿಯಿಂದ ಒದ್ದೆ ಬೆರಳನ್ನು ಗಾಜಿನ ಮೇಲೇ ಎಳೆದರು. ಈ ಕ್ಯಾಮೆರಾಕ್ಕೆ ತೆಗೆದಿಡುವ ಮುಚ್ಚಳ ಇರಲಿಲ್ಲ. ಅವರು ಕೈಮುಗಿದು ಮುಗಿಸಿದ ಮೇಲೆ ನಾನು ಸೆರಗಿನ ತುದಿಯಿಂದ ಗಾಜು ಒರೆಸಿದೆ. ಆಗಷ್ಟೇ ಒಗ್ಗರಣೆ ಹಾಕಿ ಬಂದ ಸೆರಗು. ಗೆರೆ ಹೋಯಿತು, ನೋಡಲು ಸ್ವಚ್ಛವೇ ಕಂಡಿತು.

ಮರುದಿನದಿಂದ ಫೋಟೋ ತೆಗೆದದ್ದೇ ತೆಗೆದದ್ದು. ಅತ್ತೆ ಅವರೆಕಾಯಿ ಸುಲಿಯುವುದು, ನೆರೆಮನೆಯವರೊಡನೆ ವಾದಿಸುವುದು, ನನ್ನನ್ನು ಕಾಡಿಸಿ ನಗುವುದು. ನಕ್ಕರು, ಎಷ್ಟೋ ಸಲ ನಕ್ಕರು. ಆದರೆ ಪರದೆಯಲ್ಲಿ ಎಲ್ಲವೂ ಮಂಜು. ಬಾಗಿಲ ಬೆಳಕು ಹತ್ತಿಯಂತೆ ಹಿಂಜಿಕೊಂಡು ಅತ್ತೆಯ ಮೇಲೆ ಹರಡಿರುತ್ತಿತ್ತು. ಹಲ್ಲು ಎಲ್ಲಿ, ತುಟಿ ಎಲ್ಲಿ, ತಿಳಿಯುತ್ತಿರಲಿಲ್ಲ.

ನನ್ನ ಕೈ ನಡುಗಿತೋ ಅಂತ ಕಂಬಕ್ಕೆ ಒರಗಿ ತೆಗೆದೆ. ಕ್ಯಾಮೆರಾದ ತಿರುಗುವ ಗುಂಡಿಯ ಮೇಲೆ ಹೂವಿನ ಗುರುತಿದೆ, ಗುಡ್ಡದ ಗುರುತಿದೆ, ಓಡುವ ಮನುಷ್ಯನ ಗುರುತಿದೆ. ಅತ್ತೆ ಇವುಗಳಲ್ಲಿ ಯಾವುದೂ ಅಲ್ಲ. ಆದರೂ ಒಂದೊಂದಾಗಿ ಎಲ್ಲ ತಿರುಗಿಸಿದೆ. ಹೂವಿನಲ್ಲಿ ಮಂಜು, ಗುಡ್ಡದಲ್ಲಿ ಮಂಜು. ಮೈದುನರಿಗೆ ಫೋನು ಮಾಡಿದರೆ, "ಸಣ್ಣ ಸೆನ್ಸರಿನ ಹಣೇಬರಹನೇ ಅಷ್ಟು ವೈನಿ" ಎಂದರು. ದೊಡ್ಡದರಲ್ಲಿ ಚಿತ್ರ ಇತ್ತು, ಅತ್ತೆ ಇರಲಿಲ್ಲ. ಸಣ್ಣದರ ಮುಂದೆ ಅತ್ತೆ ಇದ್ದರು, ಚಿತ್ರ ಇರಲಿಲ್ಲ. ಲಿಂಗಪೂಜೆಗೆ ಕೂತರೂ ಕಣ್ಣು ಮುಚ್ಚಿದಾಗ ಹೂವು, ಗುಡ್ಡ, ಓಡುವ ಮನುಷ್ಯ. ತಪ್ಪಾಯಿತು ಶಿವನೆ ಎಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ಬುಧವಾರ ಹತ್ತಿರ ಬಂತು. ಮಂಗಳವಾರ ಬೆಳಗಿನ ರೊಟ್ಟಿ ಮುಗಿಸಿ ಒಬ್ಬಳೇ ಆಳಂದದ ಬಸ್ಸು ಹತ್ತಿದೆ. ಇದನ್ನು ಹಿಂದಕ್ಕೆ ತಗೊಳ್ಳಿ, ದೊಡ್ಡದು ಕೊಡಿ ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡೆ. ಅಂಗಡಿಯವರು ಕ್ಯಾಮೆರಾ ಚಾಲೂ ಮಾಡಿ ಗಾಜನ್ನು ಬಿಸಿಲಿಗೆ ಓರೆಯಾಗಿ ಹಿಡಿದರು.

"ಅಕ್ಕಾರ, ಇದಕ್ಕ ಮೋತಿಬಿಂದು ಆಗ್ಯಾದ್ರಿ."

ಮುದುಕರ ಕಣ್ಣಿಗೆ ಪೊರೆ ಬಂದರೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ನಾನು ಗಾಜಿನ ಹತ್ತಿರ ಬಗ್ಗಿ ನೋಡಿದೆ. "ಕೆಟ್ಟ ಹೋತೇನ್ರಿ?"

ಅವರು ಬೆರಳು ತಾಗಿಸಿ ಮೂಗಿನ ಹತ್ತಿರ ಒಯ್ದರು. "ಎಣ್ಣಿ... ಮತ್ತ ಇದೇನ್ರಿ ಬೆಳ್ಳಗ? ವಿಭೂತಿ ಹಚ್ಚೀರೇನು?"

"ಹಣಿಗೆ ಹಚ್ಚೀವ್ರಿ."

"ಹಣಿಗಲ್ಲ್ರಿ ಅಕ್ಕಾರ, ಕಣ್ಣಾಗ ಹಚ್ಚೀರಿ!"

ರಬ್ಬರಿನ ಬುರುಡೆಯಿಂದ ಗಾಳಿ ಊದಿ, ಮೆತ್ತನೆಯ ಬಟ್ಟೆಯಿಂದ ಸುತ್ತ ಸುತ್ತ ಒರೆಸಿ, ಎದುರಿನ ಚಹಾದಂಗಡಿಯ ಕಡೆ ಹಿಡಿದು ಒಂದು ಫೋಟೋ ತೆಗೆದು ತೋರಿಸಿದರು. ಕೆಟಲಿನ ಬಾಯಿಂದ ಏಳುವ ಹಬೆ ಕೂಡ ಕಾಣುತ್ತಿತ್ತು. ಕಟ್ಟಿಕೊಂಡು ಬಂದ ಮಾತೆಲ್ಲ ನುಂಗಿ, ಅವರು ಕೊಟ್ಟ ಬಟ್ಟೆಯ ಚೂರನ್ನು ಚೀಲಕ್ಕೆ ಹಾಕಿಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಶಿವನಿಗೆ ಕೈಮುಗಿದೆ.

ಮನೆ ಮುಟ್ಟಿದಾಗ ಇಳಿಬಿಸಿಲು. ಅತ್ತೆ ಕಟ್ಟೆಯ ಮೇಲೆ ಕೂತು ನಾಳೆ ಹೋಗಲಿರುವ ಹಲ್ಲನ್ನು ನಾಲಿಗೆಯಿಂದ ಅಲುಗಾಡಿಸುತ್ತಿದ್ದರು. ಕ್ಯಾಮೆರಾ ಕಂಡದ್ದೇ, "ರಿಪೇರಿ ಆತೇನು? ತಾ, ಇನ್ನೊಮ್ಮಿ ವಿಭೂತಿ ಹಚ್ಚತೇನಿ" ಎಂದರು.

"ಬ್ಯಾಡ್ರಿ ಅತ್ತಿ! ಅದು ಹಣಿ ಅಲ್ಲಂತ, ಕಣ್ಣಂತ. ವಿಭೂತಿ ಬಿದ್ದು ಕಣ್ಣು ಕಾಣವಲ್ದಾಗಿತ್ತು ಇದಕ್ಕ."

ಅತ್ತೆ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡರು. "ಅಯ್ಯ ನನ್ ಶಿವನ! ದೇವರ ಬೂದಿ ಅದರ ಕಣ್ಣಾಗ ತುಂಬೀನೇನು? ಪಾಪ, ಇಷ್ಟ ದಿನ ಕುರುಡ ಮಾಡಿ ದುಡಿಸೀಯಲ್ಲ ಬೇ ಅದನ್ನ!"

ಎರಡು ಹಲ್ಲು ಕಂಡವು, ಕಣ್ಣು ಮುಚ್ಚಿದವು, ಭುಜ ಕುಲುಕತೊಡಗಿತು. ನಾನೂ ನಗುತ್ತಲೇ ಎದೆಯ ಹತ್ತಿರ ಹಿಡಿದಿದ್ದ ಕ್ಯಾಮೆರಾದ ಗುಂಡಿ ಒತ್ತಿದೆ. ಅದು ಸದ್ದು ಮಾಡಲಿಲ್ಲ. ಅತ್ತೆಗೆ ಗೊತ್ತಾಗಲೂ ಇಲ್ಲ.

ಫೋಟೋ ಒಂದು ಕಡೆ ವಾಲಿದೆ. ನೆತ್ತಿ ಅರ್ಧ ಕತ್ತರಿಸಿಹೋಗಿದೆ, ಮೂಲೆಯಲ್ಲಿ ಯಾರದೋ ಚಪ್ಪಲಿ ಬಂದಿದೆ, ನಡುವೆ ಆ ಎರಡು ಹಲ್ಲು ಸ್ಪಷ್ಟವಾಗಿವೆ. ಮೈದುನ ನೋಡಿ, ದೊಡ್ಡದರಲ್ಲಾಗಿದ್ದರೆ ಹಿಂದಿನದೆಲ್ಲ ಮಸುಕಾಗಿ ಮುಖ ಎದ್ದು ಕಾಣುತ್ತಿತ್ತು ಎಂದರು. ಮಸುಕಿನ ಫೋಟೋಗಳಂತೂ ಬೇಕಾದಷ್ಟು ನನ್ನ ಹತ್ತಿರ ಇವೆ. ಅಳಿಸುವುದು ಹೇಗೆಂದು ತಿಳಿಯದೆ ಹಾಗೇ ಬಿಟ್ಟಿದ್ದೇನೆ. ಯಾವ ಕ್ಯಾಮೆರಾ ಒಳ್ಳೆಯದು ಅಂತ ಕೇಳಿದರೆ ಈಗಲೂ ನನಗೆ ಹೇಳಲು ಬರುವುದಿಲ್ಲ. ಈಗ ವಿಭೂತಿಯನ್ನು ಅದರ ಚೀಲಕ್ಕೆ ಹಚ್ಚುತ್ತೇವೆ, ಅಷ್ಟೇ.

ಬುಧವಾರ ಹಲ್ಲು ಕಿತ್ತರು. ಆಮೇಲೆ ಸೆಟ್ ಬಂತು. ಅದನ್ನು ಹಾಕಿಕೊಂಡು ನಕ್ಕರೆ ಅತ್ತೆ ಚೆಂದವೇ ಕಾಣುತ್ತಾರೆ, ಆದರೆ ಅದು ಬೇರೆ ನಗು. ಕಡಲೆ ಮಾತ್ರ ಇನ್ನೂ ಆಗುತ್ತಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸೆಟ್ಟನ್ನು ಬಟ್ಟಲಿನ ನೀರಿಗೆ ಹಾಕಿ, "ಅದನ್ನ ತಾ ಬೇ, ನೋಡೂಣು" ಅನ್ನುತ್ತಾರೆ. ಆ ಫೋಟೋ ಇರುವ ಕ್ಯಾಮೆರಾದ ಪರದೆಯನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡುತ್ತಾರೆ. ನೋಡುತ್ತ ನೋಡುತ್ತ ಅವರ ನಾಲಿಗೆಯ ತುದಿ ಮೇಲಿನ ವಸಡಿನಲ್ಲಿ ಆ ಎರಡು ಜಾಗವನ್ನು ಹುಡುಕಿಕೊಂಡು ಹೋಗುತ್ತದೆ.