ಸೋದರಮಾವನನ್ನು ಕರೆಯಲು ಹೋದದ್ದು

ನನ್ನ ಗೆಳತಿ ಮೈಸೂರಿನ ಕಡೆಯವಳು, ಇರುವುದು ನನ್ನ ಹಾಗೆ ಪರದೇಶದಲ್ಲಿ, ಡ್ಯಾನ್‌ವಿಲ್‌ನಲ್ಲಿ. ಹೋದ ವಸಂತದಲ್ಲಿ ಅವಳ ಮಗಳ ಮದುವೆ ನಿಶ್ಚಯವಾಯಿತು. ಮಗಳು ಮದುವೆಯಾಗಲಿದ್ದುದು ಕಾಲೇಜಿನಲ್ಲಿ ಜೊತೆಗೆ ಓದಿದ ಒಬ್ಬ ಹುಡುಗಿಯನ್ನು.

“ಅಮ್ಮಾ, ಜಸ್ಟ್ ಟೆಕ್ಸ್ಟ್ ದೆಮ್,” ಎಂದಳು ಮಗಳು. ಗೆಳತಿ ಒಪ್ಪಲಿಲ್ಲ. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಕೈಗೆ ಅಕ್ಷತೆ ಹಾಕಿಯೇ ಕರೆಯುವುದೆಂದು ಹಟ ಹಿಡಿದಳು. ಇಲ್ಲಿ ಈಗ ಹಾಗೆ ಕರೆಯುವವರು ಅಪರೂಪ.

“ಹುಡುಗನ ಜೊತೆ ಆಗಿದ್ರೆ ಟೆಕ್ಸ್ಟೇ ಕಳಿಸ್ತಿದ್ದೆ ಕಣೇ,” ಎಂದಳು ನನಗೆ. “ಇದನ್ನ ಮೆಸೇಜಲ್ಲಿ ಹೇಳಿದ್ರೆ ಮುಚ್ಚಿಟ್ಟ ಹಾಗಿರುತ್ತೆ.”

ಕರೆಯಲು ಒಬ್ಬರೇ ಹೋಗುವ ಪದ್ಧತಿ ಇಲ್ಲವಲ್ಲ, ಹಾಗಾಗಿ ನಾನು ಜೊತೆಯಾದೆ. ಕಾರು ನನ್ನದು, ಫ್ಲಾಸ್ಕಿನ ಕಾಫಿಯೂ ನನ್ನದೇ. ಅಕ್ಷತೆಯ ಸ್ಟೀಲ್ ಡಬ್ಬಿಯನ್ನು ಅವಳು ಫ್ರೀವೇ ಉದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡಿರುತ್ತಿದ್ದಳು.

ನಮ್ಮವರು ಮನೆಯಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಿ ಇಂಥ ಮಾತು ಬಂದರೆ ದನಿ ತಗ್ಗಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಅದಕ್ಕೇ ಬೆರ್ರಿಯೆಸಾದ ಮನೆಯೊಂದರಲ್ಲಿ ಹುಬ್ಬಳ್ಳಿಯ ಅಜ್ಜಿ ಬಾಗಿಲು ತೆಗೆದಾಗ ನನಗೆ ಒಳಗೊಳಗೇ ಅಳುಕು. ಅಜ್ಜಿ ಎಲ್ಲ ಕೇಳಿಸಿಕೊಂಡು, “ಇಬ್ಬರೂ ಹುಡುಗ್ಯಾರು? ಹಂಗಾದ್ರ ನಾ ಎರಡು ಸೀರಿ ತರಬೇಕಾತಲ್ಲವಾ,” ಎಂದು ಕೈ ಚಾಚಿದರು.

ಗೆಳತಿಗೆ ನಿಜವಾದ ಚಿಂತೆ ಇದ್ದುದು ಒಂದೇ ಮನೆಯದು. ಲಾಸ್ ಆಲ್ಟೋಸ್‌ನಲ್ಲಿರುವ ಅವಳ ಅಣ್ಣ ಡಾಕ್ಟರು, ಮಿತಭಾಷಿ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಮಗಳಿಗಿದ್ದ ಸೋದರಮಾವ ಅವರೊಬ್ಬರೇ.

“ಇಂಥ ಮದುವೆನ ಇಲ್ಲಿನ ಕೋರ್ಟು ಒಪ್ಪಿ ಎಷ್ಟೋ ವರ್ಷ ಆಯ್ತು,” ಎಂದಳು ದಾರಿಯಲ್ಲಿ. “ಇನ್ನು ನಮ್ಮಣ್ಣ ಒಪ್ಪಬೇಕು.”

ಅತ್ತಿಗೆ ಕೋಡುಬಳೆ ತಂದಿಟ್ಟರು. ಅಣ್ಣ ಕನ್ನಡಕ ಒರೆಸುತ್ತ ಕುಳಿತರು.

“ಬರ್ತೀನಿ. ಊಟ ಮಾಡ್ಕೊಂಡು ಹೋಗ್ತೀನಿ,” ಎಂದರು ಕೊನೆಗೆ. “ಮಂಟಪಕ್ಕೆ ಕರ್ಕೊಂಡು ಬರೋಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೊ.”

ನಾನಾಗಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ. ಅವಳು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದ ಮೇಲೆ ಹೇಳಿದಳು: “ಬೇರೆಯವರನ್ನ ನೋಡಲ್ಲಣ್ಣ. ಅವಳು ಒಬ್ಬಳೇ ನಡ್ಕೊಂಡು ಬರ್ತಾಳೆ. ಯಾರಾದ್ರೂ ಕೇಳಿದ್ರೆ, ಮಾವ ಅಗೋ ಅಲ್ಲಿ, ಊಟಕ್ಕೆ ಕಾಯ್ತಾ ಕೂತಿದಾರೆ ಅಂತ ತೋರಿಸ್ತೀನಿ.”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ನಗಲಿಲ್ಲ. ಅಕ್ಷತೆಗೆ ಕೈಯನ್ನೇನೋ ಒಡ್ಡಿದರು, ಮಾತು ಕೊಡಲಿಲ್ಲ. ಹಿಂದಿರುಗುವಾಗ ಗೆಳತಿ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದಳೇ ಹೊರತು ಅಣ್ಣನನ್ನು ಬೈಯಲಿಲ್ಲ. “ಅವನಿಗೆ ಟೈಮ್ ಬೇಕು. ನನಗೂ ಬೇಕಾಗಿತ್ತು,” ಎಂದಳು, ಅಷ್ಟೇ.

ಮದುವೆ ಅವಳ ಮನೆಯ ಹಿತ್ತಲಿನಲ್ಲಿ, ಬಾಡಿಗೆಗೆ ತಂದ ಮಂಟಪದಲ್ಲಿ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ಅತಿಥಿಗಳು ಬರುವ ಹೊತ್ತಿಗಿಂತ ಬಹಳ ಮುಂಚೆಯೇ ಗ್ಯಾರೇಜಿನ ಕಡೆಯ ಬಾಗಿಲಿನಿಂದ ಅಣ್ಣ ಒಳಬಂದರು. ಉಟ್ಟಿದ್ದು ಜರಿಪಂಚೆ, ಸೊಂಟಕ್ಕೆ ಭದ್ರವಾಗಿ ಬೆಲ್ಟು.

“ಬೆಳಗಾಗೋ ಮುಂಚೆಯಿಂದ ಉಡ್ತಾ ಇದಾರೆ,” ಎಂದರು ಹಿಂದೆ ಬಂದ ಅತ್ತಿಗೆ.

ಅಣ್ಣ ನನ್ನ ಪಕ್ಕ ನಿಂತಿದ್ದ ತಂಗಿಯನ್ನು ದಾಟಿಕೊಂಡು ನಡೆದರು. ಸೀದಾ ಸೋದರಸೊಸೆಯಿದ್ದ ಕೋಣೆಯ ಬಾಗಿಲಿಗೆ ಹೋಗಿ, “ಯಾವ ಕೈ ಹಿಡ್ಕೋಬೇಕು ನಾನು?” ಎಂದು ಕೇಳಿದರು.

“ಐ ಡೋಂಟ್ ನೋ, ಮಾಮಾ. ಎರಡೂ ಹಿಡ್ಕೊ,” ಎಂದಳು ಹುಡುಗಿ. ಗೆಳತಿ ಒಲೆಯ ಕಡೆ ತಿರುಗಿ, ಏನೂ ಇಲ್ಲದ ಪಾತ್ರೆಯಲ್ಲಿ ಸೌಟು ಆಡಿಸಿದಳು.

ಆ ಕಡೆಯಿಂದ ಇನ್ನೊಬ್ಬ ಮದುಮಗಳು ತನ್ನ ತಾಯಿಯ ಜೊತೆ ಬಂದಳು, ಈ ಕಡೆಯಿಂದ ಇವಳು ಮಾವನ ಜೊತೆ. ನಡುವೆ ಹಿಡಿದಿದ್ದ ಅಂತರಪಟ ಸರಿಯಿತು. ಹುಡುಗಿಯರು ಹಾರ ಎತ್ತಿಕೊಳ್ಳಬೇಕು, ಅಣ್ಣ ಮಾತ್ರ ಸೊಸೆಯ ಮೊಣಕೈ ಹಿಡಿದುಕೊಂಡೇ ನಿಂತಿದ್ದರು.

ಪುರೋಹಿತರು ಕಾದು ನೋಡಿ ಮೆಲ್ಲಗೆ ಹೇಳಿದರು: “ಮಾವನೋರೆ, ಇನ್ನು ಬಿಡಬಹುದು.”