ಮಾರ್ತಕ್ಕ ಬರಿಗಾಲಲ್ಲಿ ಬಾರಿಸಿದ್ದು

ಬೇಸ್ ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುವ ಮೊದಲು ಮಾರ್ತಕ್ಕ ಚಪ್ಪಲಿ ಬಿಡುತ್ತಿದ್ದಳು. ಚರ್ಚಿನಲ್ಲಿ ಬಹುತೇಕ ಎಲ್ಲರೂ ಬಿಡುತ್ತಾರೆ, ಅದರಲ್ಲೇನು ಎನ್ನಬೇಡಿ. ಆಕೆ ತನ್ನ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಬಿಡುತ್ತಿದ್ದಳು. ಹಡಗಲಿ ಕಡೆಯ ಹಳ್ಳಿಗಳ ಬಯಲು ಕೂಟಗಳಲ್ಲಿ ಜಾಲಿಮುಳ್ಳಿನ ನೆಲದ ಮೇಲೆ ನಿಂತಾಗಲೂ ಬಿಡುತ್ತಿದ್ದಳು. ಅಗಲ ಪಾದ, ಒಡೆದ ಹಿಮ್ಮಡಿ. ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಮೀಟುತ್ತಿದ್ದಳು. ಆಮೇಲೆ ಕಣ್ಣು ತೆರೆದು, "ಹ್ಞಾಂ, ನೆಲ ಮಾತಾಡ್ತು. ಶುರು ಮಾಡ್ರಿ" ಎನ್ನುತ್ತಿದ್ದಳು.

"ಬೇಸು ಕಿವಿಗೆ ಬರೂದು ಆಮ್ಯಾಲ. ಮೊದ್ಲು ಅಂಗಾಲಿಗೆ ಬರ್ತೈತಿ." ಇದು ಆಕೆಯ ಮಾತು.

ಆಕೆಯನ್ನು ಕುರಿತು ಪ್ರೀತಿಯಿಂದ ಬರೆಯಬೇಕೆಂದು ಕೂತರೆ ಸಿಟ್ಟು ಮೊದಲು ಬರುತ್ತದೆ. ಇರಲಿ, ಎರಡೂ ಬರಲಿ.

ಮಾರ್ತಕ್ಕ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ಬಿಟ್ಟುಹೋಗಿದ್ದ. ಯಾರಾದರೂ ಅದನ್ನು ಕೆದಕಿದರೆ, "ಹೋದಾವ ಹೋದ. ಇದ್ದಾಕಿ ಇಲ್ಲೆ ಅದೀನಿ, ನನ್ನ ಮಾತಾಡ್ಸು" ಎಂದು ಮುಖಕ್ಕೇ ಹೇಳುತ್ತಿದ್ದಳು. ಬೇಸ್ ಗಿಟಾರು ಆಕೆಗೆ ಸಿಕ್ಕಿದ್ದು ಬಳ್ಳಾರಿಯಲ್ಲಿ. ಅಲ್ಲಿನ ಒಂದು ಚರ್ಚಿನವರು ಹೊಸದನ್ನು ತರಿಸಿಕೊಂಡಾಗ ಹಳೆಯದನ್ನು ಕೇಳಿ ಇಸಿದುಕೊಂಡು, ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರ್ ಕೌದಿ ಮುಟ್ಟಿ ನೋಡಿ, "ಏನವ್ವಾ ಇದು, ತಂಬೂರಿ ಏನು?" ಎಂದನಂತೆ. "ತಂಬೂರಿ ಅಲ್ಲಪ್ಪಾ, ನೊಗ. ನಾನ ಹೊತ್ಕೊಳ್ಳಾಕಿ, ನಿನಗ್ಯಾಕ ಚಿಂತಿ" ಎಂದಳಂತೆ. ಬಾರಿಸುವುದನ್ನು ಯಾರೂ ಕಲಿಸಲಿಲ್ಲ. ರೇಡಿಯೋ ಮುಂದೆ ಕೂತು ತಾನೇ ಹುಡುಕಿ ಹುಡುಕಿ ಕಲಿತಳು. ಮುಚ್ಚಿಹೋದ ಟೂರಿಂಗ್ ಟಾಕೀಸಿನ ದೊಡ್ಡ ಸ್ಪೀಕರೊಂದನ್ನು ಎಲ್ಲಿಂದಲೋ ತಂದು, ಬಡಗಿಯ ಕೈಯಲ್ಲಿ ಅದಕ್ಕೆ ಪೆಟ್ಟಿಗೆ ಮಾಡಿಸಿದಳು. ಆ ಪೆಟ್ಟಿಗೆಯನ್ನು ಚರ್ಚಿನ ಕಲ್ಲುಹಾಸಿನ ಮೇಲೆ ಇಟ್ಟಳು. ಅವತ್ತಿನಿಂದ ನಮ್ಮ ಹಾಡಿಗೆ ಬುಡ ಬಂತು.

ನಾನು ಆ ತಂಡದಲ್ಲಿ ಹಾಡುತ್ತಿದ್ದೆ. ನನ್ನಪ್ಪ ಸಂತೆಪೇಟೆಯಲ್ಲಿ ಚೀಲ ಹೊರುತ್ತಿದ್ದ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಡಿಗ್ರಿ ಮುಗಿಸಿದವಳೂ ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮೇಲಿನ ಸ್ವರಕ್ಕೆ ಹೋಗಲು ನಾನು ಹೆದರಿದಾಗಲೆಲ್ಲ ಮಾರ್ತಕ್ಕ ಬೇಸ್ ನಿಲ್ಲಿಸದೆಯೇ ಗದರುತ್ತಿದ್ದಳು: "ರೂತಿ, ಕೆಳಗ ನಾ ಅದೀನಿ. ನೀ ಏರು!" ನಾನು ಏರುತ್ತಿದ್ದೆ. ಕೊಟ್ಟೂರಿನ ಕಾಲೇಜಿನಲ್ಲಿ ಮೊದಲ ಸಲ ಎದ್ದು ನಿಂತು ಇಂಗ್ಲಿಷಿನಲ್ಲಿ ಓದಬೇಕಾಗಿ ಬಂದ ದಿನ, ಮೇಜಿನ ಹಿಂದೆ ಮೆಲ್ಲಗೆ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಒತ್ತಿ ಓದಿದೆ. ತಪ್ಪುಗಳಿದ್ದವು, ದನಿ ಮಾತ್ರ ನಡುಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪ್ರತಿ ಚರ್ಚೂ ತನ್ನದೊಂದು ಕ್ಯಾಸೆಟ್ ಮಾಡಿಸುತ್ತಿತ್ತು. ನಮ್ಮ ಅಯ್ಯನವರು, ಎಂದರೆ ಪಾಸ್ಟರು, ನಮ್ಮದೂ ಆಗಲಿ ಎಂದರು. ಹಾಡುಗಳು ಮಾರ್ತಕ್ಕನವೇ. ಆಕೆ ಕುರಿ ಕಾಯುವವರು ಹಾಡುವ ಪದಗಳ ಮಟ್ಟಿನಲ್ಲಿ, ನಮ್ಮದೇ ಮಾತಿನಲ್ಲಿ ಕಟ್ಟಿದ್ದಳು. ಅವುಗಳಲ್ಲಿ ಒಂದು ಚಂದದ ಕಟ್ಟು ಇತ್ತು. ಒಂದು ಸಾಲು ಹಾಡಿ ನಾವು ನಿಲ್ಲಬೇಕು. ಆ ಖಾಲಿ ಜಾಗದಲ್ಲಿ ಬೇಸ್ ಒಂದೇ ಮಾತಾಡಬೇಕು. ಮತ್ತೆ ನಾವು. ನಾವು ಕೇಳಿದ್ದಕ್ಕೆ ಯಾರೋ ಕೆಳಗಿನಿಂದ ಉತ್ತರ ಕೊಟ್ಟಂತೆ ಇರುತ್ತಿತ್ತು.

ಸ್ಟುಡಿಯೋಗೆ ಹೋಗುವ ಮೊದಲು ಮನೆಯಲ್ಲೇ ರೆಕಾರ್ಡ್ ಮಾಡಿ ಚರ್ಚಿನ ಕಮಿಟಿಗೆ ಕೇಳಿಸೋಣ ಎಂದಳು ಮಾರ್ತಕ್ಕ. ಆಕೆಯ ಕ್ವಾರ್ಟರ್ಸಿನ ನಡುಮನೆಯೇ ನಮ್ಮ ಸ್ಟುಡಿಯೋ. ಸದ್ದು ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಸುತ್ತಲೂ ಕೌದಿ ಇಳಿಬಿಟ್ಟೆವು. ಕರೆಂಟಿನ ಮೇಲೆ ನಂಬಿಕೆಯಿರಲಿಲ್ಲ. ವೋಲ್ಟೇಜ್ ಇಳಿದರೆ ಟೇಪು ನಿಧಾನವಾಗಿ ಓಡಿ, ನನ್ನ ದನಿ ಗಂಡಸಿನ ದನಿಯಾಗುತ್ತಿತ್ತು. ಅದಕ್ಕೇ ಟೇಪ್ ರೆಕಾರ್ಡರಿಗೆ ಹೊಸ ಸೆಲ್ ಹಾಕುವುದು. ಹಾಡನ್ನು ಮೈಕು ಹಿಡಿಯುತ್ತಿತ್ತು. ಬೇಸನ್ನು ಮಾತ್ರ ಆಕೆ ವೈರು ಎಳೆದು ನೇರವಾಗಿ ಟೇಪಿಗೇ ಕೊಟ್ಟಿದ್ದಳು. ಕೀಬೋರ್ಡಿಗೆ ಪಿಯುಸಿಯ ಸ್ಟೀಫನ್, ಡೋಲಕ್ಕಿಗೆ ಮಾರ್ಕಪ್ಪಣ್ಣ. ಫ್ಯಾನ್ ಬಂದ್. ಮಟಮಟ ಮಧ್ಯಾಹ್ನ, ಕೌದಿಗಳ ನಡುವೆ ನಾವು ನಾಲ್ಕು ಜನ ಬೆಂದುಹೋಗುತ್ತಿದ್ದೆವು.

"ಅಕ್ಕಾ, ಒಂದೀಟು ಕಿಟಕಿ ತೆಗಿಲೇನು?" ಎಂದ ಸ್ಟೀಫನ್.

"ತೆಗಿ. ಕಾಯಿಪಲ್ಲೆ ಬಸಮ್ಮನ ಕೂಗೂ ಕ್ಯಾಸೆಟ್ಟಿನ್ಯಾಗ ಬರ್ಲಿ. ಆಕಿ ದನಿ ನಿನ್ನ ಕೀಬೋರ್ಡಿಗಿಂತ ಚಲೋ ಐತಿ."

ಕಿಟಕಿ ತೆಗೆಯಲಿಲ್ಲ. ಆದರೂ ದೇವರನ್ನು ಒಳ್ಳೆಯ ಕುರುಬ ಎನ್ನುವ ಹಾಡು ಮುಗಿಯುವ ಹೊತ್ತಿಗೆ ಹೊರಗೆ ಹಿಂಡು ಹಾದುಹೋಯಿತು. ಸರಿಯಾಗಿ ಕೊನೆಯ ಸಾಲಿನ ಮೇಲೆ ಒಂದು ಕುರಿ "ಬ್ಯಾ" ಎಂದಿತು. ನಾವೆಲ್ಲ ಉಸಿರು ಹಿಡಿದೆವು. ಮಾರ್ತಕ್ಕ ಕೊನೆಯ ಸ್ವರ ಪೂರ್ತಿ ಆರುವವರೆಗೆ ಕಾದು, ಟೇಪ್ ನಿಲ್ಲಿಸಿ, ನಕ್ಕು ನಕ್ಕು ನೆಲಕ್ಕೆ ಕೂತಳು. ಮತ್ತೆ ಹಾಡೋಣ ಎಂದ ಮಾರ್ಕಪ್ಪಣ್ಣನಿಗೆ, "ಇರ್ಲಿ ಬಿಡೋ. ಕುರುಬನ ಹಾಡಿಗೆ ಕುರಿ ತಾನಾಗೇ ಬಂದೈತಿ. ಬ್ಯಾಡ ಅನ್ನಾಕ ನಾವ್ಯಾರು?" ಎಂದಳು.

ಕಮಿಟಿಯವರು ಕ್ಯಾಸೆಟ್ ಕೇಳಿದ್ದು ಭಾನುವಾರದ ಆರಾಧನೆ ಮುಗಿದ ಮೇಲೆ. ಯಾವುದರಲ್ಲಿ ಕೇಳಿದರು ಎನ್ನುವುದನ್ನು ಗಮನಿಸಬೇಕು. ಸೆಕ್ರೆಟರಿ ಪ್ರಭುದಾಸಪ್ಪನವರು ಮನೆಯಿಂದ ತಂದಿದ್ದ ಅಂಗೈಯಗಲದ ಒಂಟಿ ಸ್ಪೀಕರಿನ ರೇಡಿಯೋ ಟೇಪಿನಲ್ಲಿ. ವಾರ್ತೆ ಕೇಳಲು ಇದ್ದ ಯಂತ್ರ ಅದು. ಅದರಲ್ಲಿ ನನ್ನ ದನಿ ಕೀರಲಾಗಿ ಬಂತು, ಕೀಬೋರ್ಡು ಬಂತು, ಡೋಲಕ್ಕಿನ ಟಕಟಕ ಬಂತು. ಬೇಸ್ ಬರಲಿಲ್ಲ. ಪ್ರತಿ ಸಾಲಿನ ನಂತರ ಬರೀ ಮೌನ.

ಪ್ರಭುದಾಸಪ್ಪನವರು ಕುರ್ಚಿಗೆ ಒರಗಿ, "ಮಾರ್ತಮ್ಮಾ, ನೀವು ಬಾರ್ಸಿದ್ದು ಎಲ್ಲೈತ್ರಿ ಇದ್ರಾಗ?" ಎಂದರು.

"ಐತ್ರಿ. ನಿಮ್ಮ ಪೆಟ್ಟಿಗಿ ಸಣ್ಣದೈತಿ. ದೊಡ್ಡದ್ರಾಗ ಹಾಕ್ರಿ, ಕೇಳಸ್ತೈತಿ."

"ಮಂದಿ ಮನ್ಯಾಗ ಇರೂದು ಇಂಥಾವ ಅಲ್ಲೇನ್ರಿ? ಇಲ್ಲೂ ಹಂಗ. ಹೊರಗ ಗಿಡಕ್ಕ ಕಟ್ಟಿದ ಹಾರ್ನ್ ಸ್ಪೀಕರ್‌ದಾಗೂ ನಿಮ್ದು ಬರಂಗಿಲ್ಲ. ಕೇಳಸ್ಲಾರದ್ದನ್ನ ಬಾರ್ಸಾಕ ಒಬ್ಬ ಹೆಣ್ಮಗಳು ಯಾಕ ಮುಂದ ನಿಂದರ್ಬೇಕು? ಹೊಸದಾಗಿ ಬರೋರು ನೋಡಿ ಏನಂತಾರ?"

ಅಸಲು ಮಾತು ಈ ಕೊನೆಯದು. ಗಂಡ ಬಿಟ್ಟವಳು, ಸೆರಗು ಸಿಕ್ಕಿಸಿಕೊಂಡು, ಕಾಲು ಅಗಲಿಸಿ ನಿಂತು, ಗಂಡಸರ ವಾದ್ಯ ಬಾರಿಸುವುದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಅದನ್ನು ನೇರವಾಗಿ ಹೇಳುವ ಎದೆಗಾರಿಕೆ ಇಲ್ಲದೆ ರೇಡಿಯೋವನ್ನು ಸಾಕ್ಷಿಗೆ ಕರೆದಿದ್ದರು. ಅಯ್ಯನವರು ಬೈಬಲ್ಲಿನ ಅಂಚು ಸವರುತ್ತಾ ಕೂತಿದ್ದರು. ನಾನು ಎದ್ದು, "ಯಂತ್ರಕ್ಕ ಬರಲಿಲ್ಲಂದ್ರ ಯಂತ್ರದ ತಪ್ಪು ಅಲ್ಲೇನ್ರಿ? ಹಾಡು ಕಟ್ಟಿದಾಕೀನ ಹೊರಗ ಹಾಕೂದು ಯಾವ ನ್ಯಾಯ?" ಎಂದೆ.

"ನೋಡ್ರೆಪಾ, ಡಿಗ್ರಿ ಓದಾಕ ಕಳಿಸಿದ್ದಕ್ಕ ಹುಡಿಗಿಗೆ ಬಾಯಿ ಬಂತು" ಎಂದರು ಅವರು. ನಾಲ್ಕು ಜನ ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ. ಹೌದು, ಬಾಯಿ ಬರಲೆಂದೇ ನನ್ನಪ್ಪ ಚೀಲ ಹೊತ್ತದ್ದು.

ತೀರ್ಮಾನ ಆಗಿಹೋಯಿತು. ಸ್ಟುಡಿಯೋಗೆ ಮಾರ್ತಕ್ಕ ಬೇಡ, ಭಾನುವಾರವೂ ಬೇಸ್ ಬೇಡ.

ಮುಂದಿನ ವಾರ ಮಾರ್ತಕ್ಕ ಬಂದು ಹೆಂಗಸರ ನಡುವೆ ಚಾಪೆಯ ಮೇಲೆ ಕೂತಳು. ನಾವು ಹಾಡಿದೆವು. ಹಾಡು ಹಿಡಿತವಿಲ್ಲದ ಗಾಡಿಯಂತೆ ಓಡಿತು. ಸ್ಟೀಫನ್ ಅವಸರ ಮಾಡಿದ, ಮಾರ್ಕಪ್ಪಣ್ಣ ಅವನ ಹಿಂದೆ, ಸಭೆ ಇಬ್ಬರ ಹಿಂದೆ. ಮುಗಿದ ಮೇಲೆ ಮುಂದಿನ ಸಾಲಿನ ಹನುಮಕ್ಕಜ್ಜಿ ಎದ್ದು ನಿಂತಿತು. ದೀಕ್ಷಾಸ್ನಾನದಲ್ಲಿ ಹನ್ನಾ ಎಂದು ಹೆಸರಿಟ್ಟಿದ್ದರೂ ಊರಿಗೆಲ್ಲ ಹನುಮಕ್ಕಜ್ಜಿಯೇ. ಅದಕ್ಕೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಕಿವುಡರ ಎತ್ತರದ ದನಿಯಲ್ಲಿ ಅಯ್ಯನವರನ್ನು ಕೇಳಿತು: "ಯಾಕ್ರೀ ಯಪ್ಪಾ, ಇವತ್ತು ಹಾಡು ಹಾಡಲಿಲ್ಲೇನು? ನನಗ ಕಾಲಿಗೆ ಬರ್ಲೇ ಇಲ್ಲ!"

ಅಜ್ಜಿ ಪ್ರತಿ ವಾರ ಆ ದೊಡ್ಡ ಪೆಟ್ಟಿಗೆಯ ಪಕ್ಕವೇ ಯಾಕೆ ಕೂರುತ್ತಿತ್ತು ಎಂದು ಅವತ್ತು ನಮಗೆ ತಿಳಿಯಿತು. ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿಸುವ ಜೀವಕ್ಕೆ ಮಾರ್ತಕ್ಕನ ಬೇಸ್ ಒಂದೇ ಹಾಡಾಗಿತ್ತು. ಕೇಳಿಸದಿದ್ದದ್ದು ಕಿವಿ ಸರಿಯಿದ್ದವರಿಗೆ. ಹಿಂದೆ, ಬಾಗಿಲ ಬಳಿ, ಕುರ್ಚಿಗಳ ಮೇಲೆ, ಕಮಿಟಿಯವರೆಂದು ಬೂಟು ಬಿಚ್ಚದೆ ಕೂತವರಿಗೆ.

ಅಜ್ಜಿಯ ಮಾತಿಗೆ ಅಯ್ಯನವರು ಕರಗಿದರು, ಅರ್ಧ ಮಾತ್ರ. ಮಾರ್ತಮ್ಮ ಬಾರಿಸಲಿ, ಆದರೆ ಮುಂದೆ ಬೇಡ, ಪಕ್ಕದಲ್ಲಿ ಪರದೆಯ ಹಿಂದೆ ಎಂದರು. ನನಗೆ ಮೈ ಉರಿಯಿತು. ಒಪ್ಪಬೇಡ ಎಂದೆ. ಮಾರ್ತಕ್ಕ ಒಪ್ಪಿದಳು. "ಮುದುಕಿ ಕಾಲು ಚಾಚಿ ಕುಂತೈತಿ. ಆಕಿ ಮುಂದ ನನ್ನ ಮಾನ ಅಂತ ಹಿಡ್ಕಂಡು ಕುಂದರ್ಲೇನು?" ಎಂದಳು. ಪೆಟ್ಟಿಗೆಯನ್ನು ಮಾತ್ರ ಪರದೆಯ ಹಿಂದೆ ಇಡಲು ಬಿಡಲಿಲ್ಲ. ಅಜ್ಜಿಯ ಪಕ್ಕ, ಅದೇ ಜಾಗ.

ಸ್ಟುಡಿಯೋಗೆ ನಾನೂ ಹೋಗುವುದಿಲ್ಲ ಎಂದಿದ್ದೆ. ಅದಕ್ಕೂ ಬೈಸಿಕೊಂಡೆ. "ಹುಚ್ಚಿ, ನೀ ಹೋಗ್ಲಿಲ್ಲಂದ್ರ ಯಾರೋ ಬಂದು ನನ್ನ ಹಾಡು ಕೆಡಿಸ್ತಾರ. ಹೋಗಿ ಏರು." ಹೋದೆ. ಅಲ್ಲಿ ಸಾಲುಗಳ ನಡುವಿನ ಖಾಲಿ ಜಾಗ ತೆಗೆದು ಹಾಡನ್ನು ಬಿಗಿ ಮಾಡೋಣ ಎಂದರು. ನಾನು ಬಿಡಲಿಲ್ಲ. ಹಾಗಾದರೆ ಹಾಡುವುದೇ ಇಲ್ಲ ಎಂದು ಮೈಕಿನ ಮುಂದಿನಿಂದ ಸರಿದು ನಿಂತೆ. ಜಾಗ ಉಳಿಯಿತು. ಕೀಬೋರ್ಡಿನ ಗಂಟೆ ಸದ್ದು ತುಂಬಿದರು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಎಲ್ಲರ ಹೆಸರಿತ್ತು, ಪ್ರಭುದಾಸಪ್ಪನವರದು ಫೋಟೋ ಸಮೇತ. ಹಾಡು ಕಟ್ಟಿದವರು ಎನ್ನುವಲ್ಲಿ "ಸಭೆಯವರು" ಎಂದಿತ್ತು. ಸಭೆಯವರಂತೆ! ಸಭೆಯವರು ಸಂಜೆಹೊತ್ತು ಡ್ಯೂಟಿ ಮುಗಿಸಿ, ಅನ್ನಕ್ಕಿಟ್ಟು, ಒಲೆಯ ಮುಂದೆ ಕೂತು ಸಾಲು ಕಟ್ಟಿದ್ದರೇ?

ಮಾರ್ತಕ್ಕ ನಿವೃತ್ತಿಯಾಗಿ ಇಟ್ಟಿಗಿಯಲ್ಲಿ ತಂಗಿಯ ಮನೆ ಸೇರಿದಳು. ಅಷ್ಟು ಹೊತ್ತಿಗೆ ನಾನು ಹರಪನಹಳ್ಳಿಯ ಕಡೆ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಕಡೆಯ ಸಲ ನೋಡಲು ಹೋದಾಗ ನನ್ನ ಸಂಬಳದಲ್ಲಿ ಕೊಂಡ ದೊಡ್ಡ ಸ್ಪೀಕರಿನ ಟೇಪನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಆಕೆಯ ಬೆರಳಿನ ಗೆಣ್ಣುಗಳು ಊದಿ ಸೊಟ್ಟಗಾಗಿದ್ದವು. ತಂತಿ ಒತ್ತುವ ಮಾತೇ ಇರಲಿಲ್ಲ. ಗಿಟಾರು ಅದೇ ಕೌದಿಯೊಳಗೆ ಮೂಲೆಯಲ್ಲಿತ್ತು. ಟ್ರಂಕಿನಿಂದ ಅವತ್ತು ನಾವು ಮನೆಯಲ್ಲಿ ಮಾಡಿದ್ದ ಕ್ಯಾಸೆಟ್ ತೆಗೆದುಕೊಟ್ಟಳು. ಹಾಕಿದೆ.

ಆಕೆ ಮಂಚದಿಂದ ಕಾಲು ಇಳಿಸಿ ನೆಲಕ್ಕೆ ಒತ್ತಿದಳು. ಸಾಲು ಮುಗಿಯಿತು. ಬೇಸ್ ಬಂತು.

"ಬಂತು ನೋಡು" ಎಂದಳು. ಕುರಿ ಕೂಗಿದಾಗ ಇಬ್ಬರೂ ನಕ್ಕೆವು. ಹೊರಡುವಾಗ ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟು, "ಇಲ್ಲಿದ್ರ ಮಕ್ಳು ಸುರುಳಿ ಬಿಚ್ಚಿ ಆಟ ಆಡ್ತಾವ. ನಿನ್ನ ಹತ್ರನ ಇರ್ಲಿ" ಎಂದಳು. ಅಷ್ಟೇ.

ಆಕೆ ತೀರಿಕೊಂಡ ಮೇಲೆ ನಮ್ಮ ಹಳೆಯ ಚರ್ಚಿನಲ್ಲಿ ಸ್ಮರಣೆಯ ಕೂಟ ಇಟ್ಟರು. ಚರ್ಚು ಈಗ ದೊಡ್ಡದಾಗಿತ್ತು, ಆಳೆತ್ತರದ ಸ್ಪೀಕರುಗಳು ಬಂದಿದ್ದವು. ಹನುಮಕ್ಕಜ್ಜಿ ಇರಲಿಲ್ಲ. ಮುದುಕರಾಗಿದ್ದ ಪ್ರಭುದಾಸಪ್ಪನವರು ಅಧ್ಯಕ್ಷತೆ ವಹಿಸಿ, ಮುಂದೆ ಮೇಜು, ಮೇಜಿನ ಮೇಲೆ ನೀರಿನ ಲೋಟ ಇಟ್ಟುಕೊಂಡು ಕೂತಿದ್ದರು. ಕಾಲಲ್ಲಿ ಬೂಟು. "ಮಾರ್ತಮ್ಮನವರು ಎಂದೂ ಮುಂದೆ ಬರಲು ಆಸೆಪಡದೆ, ತೆರೆಯ ಹಿಂದೆ ನಿಂತು ಸೇವೆ ಸಲ್ಲಿಸಿದ ತಾಯಿ" ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು.

ಓದಿದವಳೆಂದು ನನಗೂ ಎರಡು ಮಾತಾಡಲು ಹೇಳಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆ.

"ಮಾರ್ತಕ್ಕ ತೆರೆ ಹಿಂದ ನಿಂತಾಕಿ ಅಲ್ಲ. ಮುಂದ ನಿಂತಿದ್ಲು. ತೆರೆ ಎಳೆದೋರು ನೀವು. ಕ್ಯಾಸೆಟ್ಟಿನ ಹಾಡು ಕಟ್ಟಿದಾಕಿ ಆಕಿ, ಸಭೆಯವ್ರಲ್ಲ" ಎಂದೆ. ಮಾರ್ತಕ್ಕ ಕೊಟ್ಟಿದ್ದ ಕ್ಯಾಸೆಟ್ಟನ್ನು ಸ್ಟೀಫನ್ ಕೈಗೆ ಕೊಟ್ಟೆ. ಈಗ ಚರ್ಚಿನ ಸೌಂಡು ನೋಡಿಕೊಳ್ಳುವವನು ಅವನೇ. ಅವನು ನನ್ನ ಮುಖ ನೋಡಿದ, ಕ್ಯಾಸೆಟ್ ಹಾಕಿ ಸ್ಪೀಕರಿನ ಸದ್ದು ಏರಿಸಿದ.

ಮೊದಲ ಸಾಲು ಹಾಡಿದ್ದು ನಾನೇ, ಅಂದಿನ ಹುಡುಗಿ ದನಿಯಲ್ಲಿ. ಸಾಲು ನಿಂತಿತು. ಆ ಖಾಲಿ ಜಾಗಕ್ಕೆ ಮಾರ್ತಕ್ಕ ಬಂದಳು. ಚಾಪೆಯ ಮೇಲೆ ಕೂತಿದ್ದ ಹೆಂಗಸರು ತಲೆಯೆತ್ತಿದರು. ನನ್ನ ಅಂಗಾಲು ಜುಮ್ಮೆಂದಿತು. ಮೇಜಿನ ಮೇಲಿನ ಲೋಟದಲ್ಲಿ ನೀರು ಸಣ್ಣಗೆ ನಡುಗತೊಡಗಿತು, ಲೋಟ ಮೇಜಿಗೆ ತಾಗಿ ಕಟಕಟ ಎಂದಿತು. ಪ್ರಭುದಾಸಪ್ಪನವರು ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ ಅಂಗೈ ಚಾಚಿ ಲೋಟವನ್ನು ಒತ್ತಿ ಹಿಡಿದರು.

ಕುರಿ ಕೂಗಿ ಹಾಡು ಮುಗಿಯುವವರೆಗೂ ಆ ಕೈ ತೆಗೆಯಲು ಅವರಿಗೆ ಆಗಲಿಲ್ಲ.